ದೀಪವೂ ಲೆಕ್ಕವೂ: ಫ್ಲಾರೆನ್ಸ್ ನೈಟಿಂಗೇಲ್

ಕಳೆದ ಬೇಸಿಗೆಯಲ್ಲಿ ಹುಮನಾಬಾದಿನ ನಮ್ಮ ಸಂಬಂಧಿಕರ ಮನೆಯಲ್ಲಿ ಅಸರ್ ನಮಾಝಿನ ಬಳಿಕ ಒಂದು ಸಣ್ಣ ಪಂಚಾಯಿತಿ ನಡೆಯಿತು. ಆ ಮನೆಯ ಹಿರಿಯ ಮಗಳು ಪಿಯುಸಿ ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದು ತೇರ್ಗಡೆಯಾಗಿದ್ದಳು. ಬಿ.ಎಸ್ಸಿ. ನರ್ಸಿಂಗ್ ಓದಬೇಕೆಂಬುದು ಅವಳ ಹಟ. ಹೈದರಾಬಾದ್-ಸೋಲಾಪುರ ಹೆದ್ದಾರಿಯ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಅವಳ ಅಬ್ಬಾ ತಲೆ ತಗ್ಗಿಸಿ ಕುಳಿತಿದ್ದರು. ಮಾತಾಡಿದವರು ಚಾಚಾ. ರಾತ್ರಿ ಡ್ಯೂಟಿ ಮಾಡಬೇಕು, ಅನ್ಯ ಪುರುಷರ ಮೈ ಮುಟ್ಟಬೇಕು, ಹೇಸಿಗೆ ಬಳಿಯಬೇಕು, ನಾಳೆ ಮರ್ಯಾದಸ್ಥ ಮನೆತನದಿಂದ ಸಂಬಂಧ ಬರುವುದಿಲ್ಲ ಎಂಬುದು ಅವರ ವಾದ. ಇದರ ಮೇಲೆ ಒಂದು ಹೊಸ ವಾದವೂ ಅವರ ಬಳಿ ಇತ್ತು. ಇನ್ನು ಹತ್ತು ವರ್ಷಗಳಲ್ಲಿ ಈ ಕೆಲಸವನ್ನೆಲ್ಲ ಯಂತ್ರಗಳೇ ಮಾಡುತ್ತವೆ, ಆಗ ಓದಿದ್ದೂ ವ್ಯರ್ಥ ಎಂದು ಹೇಳಿ, ರೋಗಿಯನ್ನು ಹಾಸಿಗೆಯಿಂದ ಎತ್ತುವ ರೋಬೋಟಿನ ವೀಡಿಯೋವನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸಿದರು.

ಬಸವಕಲ್ಯಾಣ ಮತ್ತು ಹುಮನಾಬಾದಿನ ದವಾಖಾನೆಗಳಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳೆಂದು ನನ್ನನ್ನು ತೀರ್ಪು ಹೇಳಲು ಕರೆದಿದ್ದರು. ಖಾಲಾ ತನ್ನ ಪರವಾಗಿಯೇ ಮಾತಾಡುತ್ತಾರೆಂದು ಹುಡುಗಿಗೆ ಭರವಸೆ.

ಮೊದಲ ಆಕ್ಷೇಪಕ್ಕೆ ಉತ್ತರ ಕೊಡುವುದು ಕಷ್ಟವಾಗಲಿಲ್ಲ. ಹಿಜರಿ 5ರಲ್ಲಿ ನಡೆದ ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಅವರ ತೋಳಿನ ರಕ್ತನಾಳಕ್ಕೆ ಬಾಣ ತಗುಲಿದಾಗ ಪ್ರವಾದಿವರ್ಯರು(ಸ) ಅವರನ್ನು ಕಳುಹಿಸಿಕೊಟ್ಟದ್ದು ಒಬ್ಬ ಮಹಿಳೆಯ ಗುಡಾರಕ್ಕೆ. ಅಸ್ಲಮ್ ಗೋತ್ರದ ರುಫೈದಾ(ರ) ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದರು. ಪ್ರವಾದಿವರ್ಯರು(ಸ) ಬೆಳಗ್ಗೆ ಮತ್ತು ಸಂಜೆ ಅಲ್ಲಿಗೆ ಬಂದು ಗಾಯಾಳುವಿನ ಕ್ಷೇಮ ವಿಚಾರಿಸುತ್ತಿದ್ದರು. ದಿಲ್ಲಿಯ ಜಾಮಿಯಾ ಹಮ್‌ದರ್ದ್ ವಿಶ್ವವಿದ್ಯಾನಿಲಯದ ನರ್ಸಿಂಗ್ ಕಾಲೇಜಿಗೆ ಇಟ್ಟಿರುವುದು ಈ ರುಫೈದಾರ ಹೆಸರನ್ನೇ. ಇಷ್ಟು ಹೇಳಿದಾಗ ಚಾಚಾ ಸುಮ್ಮನಾದರು. ಆದರೆ ಒಪ್ಪಲಿಲ್ಲ. ಅದು ಸಹಾಬಿಯಾತ್‌ಗಳ ಕಾಲ, ಇಂದಿನ ದವಾಖಾನೆಯೇ ಬೇರೆ ಎಂದರು. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ. ಇಂದಿನ ವಾರ್ಡು, ಚಾರ್ಟು, ತರಬೇತಿ ಶಾಲೆ ಇವೆಲ್ಲ ಈ ರೂಪಕ್ಕೆ ಬಂದದ್ದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಒಬ್ಬ ಆಂಗ್ಲ ಮಹಿಳೆಯಿಂದ. ಹುಡುಗಿಯ ಪಠ್ಯಪುಸ್ತಕದಲ್ಲಿ ದೀಪ ಹಿಡಿದು ನಿಂತ ಆಕೆಯ ಚಿತ್ರವಿತ್ತಂತೆ. ದೀಪದ ಆಚೆಗೆ ಅವಳಿಗಾಗಲಿ ಆ ಮನೆಯವರಿಗಾಗಲಿ ಏನೂ ತಿಳಿದಿರಲಿಲ್ಲ. ಅಂದು ಆ ಮನೆಯಲ್ಲಿ ನಾನು ಹೇಳಿದ್ದನ್ನೂ, ಹೇಳಲು ಬಾಯಿ ಬಾರದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಶ್ರೀಮಂತ ತಂದೆತಾಯಿ ಮದುವೆಯ ಬಳಿಕ ಯುರೋಪಿನ ಪ್ರವಾಸದಲ್ಲಿದ್ದರು. ಮಕ್ಕಳಿಗೆ ಹುಟ್ಟಿದ ಊರಿನ ಹೆಸರನ್ನೇ ಇಟ್ಟರು. ನೇಪಲ್ಸ್‌ನಲ್ಲಿ ಹುಟ್ಟಿದ ಅಕ್ಕನಿಗೆ ಆ ನಗರದ ಪುರಾತನ ಗ್ರೀಕ್ ಹೆಸರಾದ ಪಾರ್ಥೆನೋಪಿ, ತಂಗಿಗೆ ಫ್ಲಾರೆನ್ಸ್. ಇಂಗ್ಲೆಂಡಿನಲ್ಲಿ ಅವರಿಗೆ ಎರಡು ದೊಡ್ಡ ಮನೆಗಳಿದ್ದವು. ತಂದೆಯೇ ಹೆಣ್ಣುಮಕ್ಕಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರ ಕಲಿಸಿದರು. ಕಿರಿಯವಳಿಗೆ ಗಣಿತದ ಹುಚ್ಚು. ತಾಯಿಗೆ ಅದು ಇಷ್ಟವಿರಲಿಲ್ಲ, ಮದುವೆಯಾಗುವ ಹುಡುಗಿಗೆ ಲೆಕ್ಕ ಏಕೆ ಎಂಬ ಭಾವನೆ ಅವರದು. ಹದಿನಾರನೆಯ ವಯಸ್ಸಿನಲ್ಲಿ, 1837ರ ಫೆಬ್ರವರಿಯಲ್ಲಿ, ದೇವನು ತನ್ನನ್ನು ಸೇವೆಗಾಗಿ ಕರೆದನೆಂದು ಫ್ಲಾರೆನ್ಸ್ ದೃಢವಾಗಿ ನಂಬಿದರು. ಯಾವ ಸೇವೆ ಎಂಬುದು ಸ್ಪಷ್ಟವಾಗಲು ಹಲವು ವರ್ಷಗಳೇ ಬೇಕಾದವು.

1845ರಲ್ಲಿ ಹತ್ತಿರದ ಸಾಲ್ಸ್‌ಬರಿ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಶುಶ್ರೂಷೆ ಕಲಿಯುವೆನೆಂದು ಮನೆಯಲ್ಲಿ ಕೇಳಿದಾಗ ದೊಡ್ಡ ರಾದ್ಧಾಂತವಾಯಿತು. ತಾಯಿ ಅತ್ತರು, ಅಕ್ಕ ಕಾಯಿಲೆ ಬಿದ್ದರು, ತಂದೆ ಮನೆ ಬಿಟ್ಟು ಲಂಡನ್ನಿಗೆ ಹೊರಟರು. ಹುಮನಾಬಾದಿನ ಚಾಚಾ ಹೇಳಿದ ಮಾತುಗಳನ್ನೇ ಆ ಆಂಗ್ಲ ಬಂಗಲೆಯಲ್ಲೂ ಹೇಳಿರಬೇಕು. ಅವರ ಭಯಕ್ಕೆ ಕಾರಣವೂ ಇಲ್ಲದಿರಲಿಲ್ಲ. ಆ ಕಾಲದ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದ ಹೆಂಗಸರಿಗೆ ತರಬೇತಿಯಿರಲಿಲ್ಲ, ತಕ್ಕ ಸಂಬಳವಿರಲಿಲ್ಲ, ಕುಡಿತದ ಕುಖ್ಯಾತಿ ಇತ್ತು. ವಾರ್ಡುಗಳ ನಾತ ಬೀದಿಯವರೆಗೆ ಬರುತ್ತಿತ್ತು. ಮರ್ಯಾದಸ್ಥರು ಕಾಯಿಲೆಯಾದರೆ ಮನೆಯಲ್ಲೇ ಮಲಗುತ್ತಿದ್ದರು, ಆಸ್ಪತ್ರೆ ಬಡವರ ಕೊನೆಯ ಜಾಗವಾಗಿತ್ತು. ಫ್ಲಾರೆನ್ಸ್ ಮನೆಯವರ ಮಾತಿಗೆ ತಲೆಬಾಗಿದರು. ಆದರೆ ಮುಂಜಾನೆ ಎಲ್ಲರೂ ಏಳುವ ಮೊದಲೇ ಎದ್ದು, ಮೋಂಬತ್ತಿಯ ಬೆಳಕಿನಲ್ಲಿ ಆಸ್ಪತ್ರೆಗಳ ವರದಿಗಳನ್ನೂ ಆರೋಗ್ಯದ ಅಂಕಿ ಅಂಶಗಳನ್ನೂ ಓದಿ ಟಿಪ್ಪಣಿ ಬರೆದುಕೊಳ್ಳತೊಡಗಿದರು. ಒಂಬತ್ತು ವರ್ಷ ಕಾದಿದ್ದ ಒಳ್ಳೆಯ ವರನನ್ನು 1849ರಲ್ಲಿ ನಿರಾಕರಿಸಿದರು. ಇದು ಎಲ್ಲರೂ ಅನುಸರಿಸಬೇಕಾದ ಮಾದರಿಯೆಂದು ನಾನು ಹೇಳುವುದಿಲ್ಲ. ಮದುವೆ, ಮಕ್ಕಳು, ನೈಟ್ ಡ್ಯೂಟಿ ಮೂರನ್ನೂ ನಿಭಾಯಿಸಿದವಳು ನಾನು. ನನ್ನ ಅತ್ತೆ ಒಬ್ಬರ ಸಹಾಯವಿಲ್ಲದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

1851ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್ ಎಂಬ ಊರಿನ ಸೇವಾ ಸಂಸ್ಥೆಯಲ್ಲಿ ಮೂರು ತಿಂಗಳ ತರಬೇತಿ ಸಿಕ್ಕಿತು. ಆಕೆಯ ವಿದ್ಯಾಭ್ಯಾಸ ಅಷ್ಟೇ. 1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯ ಸಣ್ಣ ಮಹಿಳಾ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು. ಅಲ್ಲಿ ಆಕೆ ಪಟ್ಟುಹಿಡಿದು ಕೇಳಿದ್ದೇನು ಗೊತ್ತೇ? ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು ಬರಬೇಕು. ಊಟದ ತಟ್ಟೆಗಳನ್ನು ಮೇಲಕ್ಕೆ ಒಯ್ಯಲು ಎಳೆಯುವ ಲಿಫ್ಟ್ ಬೇಕು. ರೋಗಿ ಗಂಟೆ ಬಾರಿಸಿದರೆ ಯಾವ ರೋಗಿ ಕರೆದದ್ದೆಂದು ನರ್ಸ್ ಇದ್ದ ಕಡೆಯಲ್ಲೇ ಕಾಣಿಸುವಂತಿರಬೇಕು. ನರ್ಸ್ ಮೆಟ್ಟಿಲು ಹತ್ತಿಳಿಯುವುದರಲ್ಲೇ ದಿನ ಕಳೆದರೆ ರೋಗಿಯ ಬಳಿ ನಿಲ್ಲುವುದು ಯಾವಾಗ ಎಂಬುದು ಆಕೆಯ ಪ್ರಶ್ನೆ. ಇಂದಿನ ಹೊಸ ಆಸ್ಪತ್ರೆಗಳಲ್ಲಿ ಹಾಸಿಗೆಯ ತಲೆಯ ಬಳಿ ಗುಂಡಿ ಒತ್ತಿದರೆ ನರ್ಸಿಂಗ್ ಕೌಂಟರಿನಲ್ಲಿ ದೀಪ ಹತ್ತುವ ವ್ಯವಸ್ಥೆಯಿದೆಯಲ್ಲ, ಅದರ ಮೂಲ ಯೋಚನೆ 1853ರದ್ದು. ಯಂತ್ರ ಬಂದರೆ ನರ್ಸ್ ಬೇಡವಾಗುತ್ತಾಳೆಂದು ಹೇಳುವವರು ಇದನ್ನು ನೆನಪಿಡಬೇಕು. ಈ ವೃತ್ತಿಯ ತಾಯಿಯೇ ಯಂತ್ರ ಬೇಕೆಂದು ಜಗಳವಾಡಿದವರು.

ಮರುವರ್ಷ ಕ್ರಿಮಿಯಾ ಯುದ್ಧ. ರಷ್ಯಾದ ವಿರುದ್ಧ ಉಸ್ಮಾನಿ ತುರ್ಕರ ಪರವಾಗಿ ಬ್ರಿಟನ್ ಮತ್ತು ಫ್ರಾನ್ಸ್ ಹೋರಾಡುತ್ತಿದ್ದವು. ಗಾಯಗೊಂಡ ಬ್ರಿಟಿಷ್ ಸೈನಿಕರ ಆಸ್ಪತ್ರೆಗಾಗಿ ತುರ್ಕರು ಇಸ್ತಾಂಬುಲ್‌ನ ಎದುರು ದಡದ ಉಸ್ಕುದಾರ್‌ನಲ್ಲಿದ್ದ ತಮ್ಮ ಸೆಲಿಮಿಯೆ ಸೈನಿಕ ವಸತಿಯನ್ನು ಬಿಟ್ಟುಕೊಟ್ಟಿದ್ದರು. ಸುಲ್ತಾನ್ ಮೂರನೇ ಸಲೀಮರ ಹೆಸರಿನ ಆ ಭಾರೀ ಕಟ್ಟಡ ಇಂದಿಗೂ ಅಲ್ಲಿ ನಿಂತಿದೆ. ಆಂಗ್ಲರು ಆ ಊರನ್ನು ಸ್ಕುಟಾರಿ ಎನ್ನುತ್ತಿದ್ದರು. ಅಲ್ಲಿನ ದುರವಸ್ಥೆ ಪತ್ರಿಕೆಗಳಲ್ಲಿ ಬಂದು ಗದ್ದಲವಾದಾಗ ಸಚಿವ ಸಿಡ್ನಿ ಹರ್ಬರ್ಟ್ ಈ ಪರಿಚಿತ ಮಹಿಳೆಯನ್ನೇ ಕೋರಿದರು. 38 ಮಂದಿ ದಾದಿಯರನ್ನು ಕರೆದುಕೊಂಡು ಆಕೆ 1854ರ ನವೆಂಬರ್ 4ರಂದು ಸ್ಕುಟಾರಿ ತಲುಪಿದರು.

ಮೈಲುಗಟ್ಟಲೆ ಉದ್ದದ ಹಾಸಿಗೆ ಸಾಲು. ಬಹಳ ಕಡೆ ಹಾಸಿಗೆಯೂ ಇಲ್ಲ, ನೆಲವೇ ಹಾಸಿಗೆ. ಸೈನ್ಯದ ವೈದ್ಯರು ಮೊದಲು ಹೆಂಗಸರನ್ನು ಒಳಗೇ ಬಿಡಲಿಲ್ಲ. ಆಕೆ ಜಗಳವಾಡದೆ ಕಾದರು. ಗಾಯಾಳುಗಳು ತುಂಬಿದ ಹಡಗುಗಳು ಬಂದಾಗ ವೈದ್ಯರೇ ಕರೆದರು. ಕಸಬರಿಗೆ, ಸಾಬೂನು, ಶರ್ಟು, ತಟ್ಟೆ, ಬಟ್ಟೆ ಒಗೆಯುವ ಸ್ಥಳ, ಪಥ್ಯದ ಅಡುಗೆಮನೆ, ಇವೇ ಆಕೆಯ ಮೊದಲ ಔಷಧಗಳು. ರಾತ್ರಿ ಎಂಟರ ನಂತರ ಬೇರೆ ಯಾವ ದಾದಿಯೂ ಗಂಡಸರ ವಾರ್ಡಿಗೆ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಆ ಹೊತ್ತಿನ ಸುತ್ತನ್ನು ತಾವೇ ಹಾಕುತ್ತಿದ್ದರು. ಹೆಣ್ಣುಮಕ್ಕಳ ಮಾನದ ಕಾಳಜಿ ಚಾಚಾ ಅವರೊಬ್ಬರಿಗೇ ಇದ್ದದ್ದಲ್ಲ.

ಅಂದಹಾಗೆ, ಆ ಪ್ರಸಿದ್ಧ ದೀಪದ ಬಗ್ಗೆ ಒಂದು ಮಾತು. ಚಿತ್ರಗಳಲ್ಲಿ ಅಲಾದೀನನ ದೀಪದಂಥದ್ದನ್ನು ಆಕೆಯ ಕೈಗೆ ಕೊಡುತ್ತಾರೆ. ನಿಜವಾಗಿ ಆಕೆ ಹಿಡಿಯುತ್ತಿದ್ದದ್ದು ತುರ್ಕರ ಫಾನೂಸ್. ಒಳಗೆ ಮೋಂಬತ್ತಿ, ಸುತ್ತ ಮಡಚುವ ಹೊದಿಕೆ. ನಮ್ಮ ಅಜ್ಜಿಯರ ಬಾಯಲ್ಲಿದ್ದ ಅದೇ ಫಾನೂಸ್.

ನಾನು ಕೆಲಸಕ್ಕೆ ಸೇರಿದ್ದು 1992ರಲ್ಲಿ. ಆಗ ಬಸವಕಲ್ಯಾಣದಲ್ಲಿ ನಮ್ಮ ಬಳಿಯಿದ್ದ ಉಪಕರಣಗಳೆಂದರೆ ಪಾದರಸದ ಥರ್ಮಾಮೀಟರ್, ಬಿಪಿ ನೋಡುವ ಯಂತ್ರ, ಕುದಿಸಿ ಕುದಿಸಿ ಬಳಸುತ್ತಿದ್ದ ಗಾಜಿನ ಸಿರಿಂಜುಗಳು ಮತ್ತು ಸೆಕೆಂಡಿನ ಮುಳ್ಳಿರುವ ಕೈಗಡಿಯಾರ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸುಮಾರು ಹತ್ತು ಸಾವಿರ ಜನ ಮಣ್ಣಿನಡಿ ಹೋದರಲ್ಲ, ಆ ಹೊತ್ತು ನಾನು ಡ್ಯೂಟಿಯಲ್ಲಿದ್ದೆ. ನೆಲ ನಡುಗಿ ಸಲೈನ್ ಬಾಟಲಿಗಳು ಸ್ಟ್ಯಾಂಡಿಗೆ ಬಡಿದು ಸದ್ದು ಮಾಡಿದವು. ಕರೆಂಟು ಹೋಯಿತು. ಎಲ್ಲರೂ ಅಂಗಳಕ್ಕೆ ಓಡಿದರು. ಬ್ಯಾಟರಿ ಹಿಡಿದು ರಿಜಿಸ್ಟರಿನ ಪ್ರಕಾರ ಒಬ್ಬೊಬ್ಬರನ್ನೇ ಎಣಿಸು ಎಂದು ಹಿರಿಯ ಸಿಸ್ಟರ್ ನನಗೆ ಹೇಳಿದರು. ಎಣಿಸಿದಾಗ ಇಬ್ಬರು ಕಡಿಮೆ ಬಂದರು. ಹೆರಿಗೆಯಾಗಿ ಎರಡನೆಯ ದಿನದ ತಾಯಿ, ಮಗುವಿನೊಂದಿಗೆ ಮಂಚದ ಕೆಳಗೆ ಕುಳಿತಿದ್ದಳು. ಎಣಿಸದಿದ್ದರೆ ಆಕೆ ಒಳಗಿರುವುದು ಯಾರಿಗೂ ತಿಳಿಯುತ್ತಿರಲಿಲ್ಲ.

ಸ್ಕುಟಾರಿಗೆ ಮರಳೋಣ. ಇಷ್ಟೆಲ್ಲ ಸೇವೆ ನಡೆದಿದ್ದರೂ 1855ರ ಫೆಬ್ರವರಿಯಲ್ಲಿ ಆ ಆಸ್ಪತ್ರೆಗೆ ಬಂದ ನೂರು ರೋಗಿಗಳಲ್ಲಿ ನಲವತ್ತೆರಡು ಮಂದಿ ಸಾಯುತ್ತಿದ್ದರು. ಗಾಯದಿಂದಲ್ಲ, ಭೇದಿ ಮತ್ತು ಜ್ವರದಿಂದ. ಮಾರ್ಚ್ ತಿಂಗಳಲ್ಲಿ ಲಂಡನ್ನಿನಿಂದ ನೈರ್ಮಲ್ಯ ಆಯೋಗವೊಂದು ಬಂದು ಕಟ್ಟಡದ ತಳವನ್ನು ಅಗೆಸಿತು. ಆಸ್ಪತ್ರೆಯೇ ತುಂಬಿ ಕಟ್ಟಿಕೊಂಡ ಚರಂಡಿಗಳ ಮೇಲೆ ನಿಂತಿತ್ತು. ನೀರಿನ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿತ್ತು. ಚರಂಡಿ ತೊಳೆಸಿ, ಗೋಡೆಗೆ ಸುಣ್ಣ ಹೊಡೆಸಿ, ಗಾಳಿಗೆ ದಾರಿ ಮಾಡಿದ ಮೇಲೆ ಜೂನ್ ತಿಂಗಳಿಗೆ ಸಾವಿನ ಪ್ರಮಾಣ ನೂರಕ್ಕೆ ಎರಡಕ್ಕೆ ಇಳಿಯಿತು.

1856ರ ಆಗಸ್ಟ್‌ನಲ್ಲಿ ಆಕೆ ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ, ಮೆರವಣಿಗೆ ಸನ್ಮಾನಗಳಿಂದ ತಪ್ಪಿಸಿಕೊಂಡು, ಸದ್ದಿಲ್ಲದೆ ಊರಿಗೆ ಮರಳಿದರು. ದೇಶವೆಲ್ಲ ಆಕೆಯನ್ನು ಹೊಗಳುತ್ತಿತ್ತು. ಸುಮ್ಮನಿದ್ದರೆ ಆ ಹೊಗಳಿಕೆಯಲ್ಲೇ ಜೀವನ ಕಳೆಯಬಹುದಿತ್ತು. ಆದರೆ ಆಕೆ ಅಂಕಿಅಂಶ ತಜ್ಞ ವಿಲಿಯಂ ಫಾರ್ ಅವರೊಂದಿಗೆ ಕುಳಿತು ಸತ್ತವರ ಪಟ್ಟಿಯನ್ನು ತಿಂಗಳು ತಿಂಗಳಾಗಿ ಲೆಕ್ಕ ಹಾಕಿದರು. ಸೈನಿಕರು ಹಸಿವಿನಿಂದ, ಚಳಿಯಿಂದ, ತಡವಾಗಿ ಬಂದದ್ದರಿಂದ ಸತ್ತರೆಂದು ಆಕೆ ಮೊದಲು ನಂಬಿದ್ದರು. ಲೆಕ್ಕ ಬೇರೆ ಹೇಳಿತು. ರಣರಂಗದ ಬಳಿಯ ಬಡ ಆಸ್ಪತ್ರೆಗಳಿಗಿಂತ ತಮ್ಮ ಸ್ಕುಟಾರಿಯಲ್ಲೇ ಸಾವು ಹೆಚ್ಚು. ರಾತ್ರಿ ತಾವು ಫಾನೂಸ್ ಹಿಡಿದು ನಡೆದ ಅದೇ ನೆಲದಡಿಯ ಕೊಳಕು ಅವರನ್ನು ಕೊಂದಿತ್ತು. ಆಕೆ ಅದನ್ನು ಮುಚ್ಚಿಡಲಿಲ್ಲ. 1858ರಲ್ಲಿ ವರದಿ ಅಚ್ಚು ಹಾಕಿಸಿದರು. ಮಂತ್ರಿಗಳು ಕೋಷ್ಟಕ ಓದುವುದಿಲ್ಲವೆಂದು ತಿಳಿದು ಬಣ್ಣದ ಚಿತ್ರವೊಂದನ್ನು ರಚಿಸಿದರು. ವರ್ಷದ ಹನ್ನೆರಡು ತಿಂಗಳುಗಳು ಬೀಸಣಿಗೆಯ ಹಾಗೆ ಸುತ್ತಲೂ ಹರಡಿವೆ. ಗಾಯದ ಸಾವು ಕೆಂಪು, ತಡೆಯಬಹುದಾಗಿದ್ದ ರೋಗಗಳ ಸಾವು ನೀಲಿ, ಉಳಿದದ್ದು ಕಪ್ಪು. ನೀಲಿಯೇ ಪುಟವನ್ನು ನುಂಗಿದೆ. ಅದೇ ವರ್ಷ ಬ್ರಿಟನ್ನಿನ ಅಂಕಿಅಂಶ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿಕೊಂಡಿತು. ಲೆಕ್ಕ ಕಲಿಯುವುದು ಬೇಡವೆಂದ ತಾಯಿಗೆ ಆ ದಿನ ಏನನಿಸಿತೋ.

ಈ ಭಾಗವನ್ನು ನಾನು ಹುಮನಾಬಾದಿನಲ್ಲಿ ಪೂರ್ತಿ ಹೇಳಲಿಲ್ಲ. ಹೇಳುತ್ತಾ ಹೇಳುತ್ತಾ ನನಗೆ ಗಂಟಲು ಕಟ್ಟಿತು. ಕಾರಣ ಇದು.

2021ರ ಏಪ್ರಿಲ್. ಬಸವಕಲ್ಯಾಣದಲ್ಲಿ ಉಪಚುನಾವಣೆ ಮುಗಿದಿತ್ತು, ಕೋವಿಡ್ಡಿನ ಎರಡನೆಯ ಅಲೆ ಏರುತ್ತಿತ್ತು. ನಾನಿದ್ದ ಆಸ್ಪತ್ರೆಯಲ್ಲಿ ಹಾಸಿಗೆಗಳೆಲ್ಲ ಭರ್ತಿ. ಒಂದು ರಾತ್ರಿ ಹಳ್ಳಿಯ ಕಡೆಯ, ಐವತ್ತರ ಸುಮಾರಿನ ತಾಯಿಯೊಬ್ಬರು ಬಂದು ಸೇರಿದರು. ವಾರದ ಹಿಂದೆ ಮಗಳ ಮದುವೆ, ಬೆರಳ ತುದಿಯಲ್ಲಿ ಮೆಹಂದಿ ಇನ್ನೂ ಕಡುವಾಗಿತ್ತು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ. 95 ತೋರಿಸಿತು. ಪಿಪಿಇ ಕಿಟ್ಟಿನೊಳಗೆ ಬೆವರು ಕಣ್ಣಿಗಿಳಿಯುತ್ತಿತ್ತು. ಮುಂದೆ ಇನ್ನೂ ಹನ್ನೊಂದು ಹಾಸಿಗೆಗಳಿದ್ದವು. ಚಾರ್ಟಿನಲ್ಲಿ 95 ಬರೆದೆ. ಉಸಿರಾಟದ ಕಾಲಂನಲ್ಲಿ 18 ಎಂದು ಬರೆದೆ. ಎಣಿಸಲಿಲ್ಲ.

ಈ ವೃತ್ತಿಯಲ್ಲಿರುವ ಸಹೋದರಿಯರಿಗೆ ಈ 18ರ ಅರ್ಥ ತಿಳಿದಿದೆ. ನಿಮಿಷಕ್ಕೆ ಉಸಿರು ಎಷ್ಟೆಂದು ತಿಳಿಯಲು ಅರವತ್ತು ಸೆಕೆಂಡು ರೋಗಿಯ ಎದೆಯನ್ನೇ ನೋಡುತ್ತಾ ನಿಲ್ಲಬೇಕು. ಅದಕ್ಕೆ ವ್ಯವಧಾನವಿರುವುದಿಲ್ಲ. ಹಾಗಾಗಿ 18 ಅಥವಾ 20 ಎಂದು ಬರೆದು ಮುಂದೆ ಹೋಗುವ ಕೆಟ್ಟ ಚಾಳಿ ಎಲ್ಲೆಡೆಯೂ ಇದೆ. ನಸುಕಿನಲ್ಲಿ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಗುತ್ತಿಗೆಯ ಹುಡುಗಿಯೊಬ್ಬಳು ಆ ತಾಯಿಯ ಪಕ್ಕ ಗೋಡೆ ಗಡಿಯಾರ ನೋಡುತ್ತಾ ನಿಂತಿದ್ದಳು. ಎಣಿಸಿ ಬಂದು ನನಗೆ 36 ಎಂದು ಹೇಳಿದಳು. ಓಡಿ ಹೋಗಿ ನೋಡಿದೆ. ಒಂದು ವಾಕ್ಯ ಪೂರ್ತಿ ಹೇಳಲು ಆ ತಾಯಿಗೆ ಉಸಿರು ಸಾಲುತ್ತಿರಲಿಲ್ಲ. ಡಾಕ್ಟರು ಬಂದರು, ಆಕ್ಸಿಜನ್ ಹೆಚ್ಚಿಸಿದರು, ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಮೂರನೆಯ ದಿನ ಸುದ್ದಿ ಬಂತು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ನಾಲ್ಕು ಗಂಟೆ ಮೊದಲೇ ತಿಳಿದಿದ್ದರೆ ಆಕೆ ಬದುಕುತ್ತಿದ್ದರೆಂದು ಯಾರೂ ಹೇಳಲಾರರು. ಆಯುಷ್ಯ ಅಲ್ಲಾಹನ ಕೈಯಲ್ಲಿದೆ. ಆದರೆ ಆ 18 ನನ್ನ ಕೈಬರಹದಲ್ಲಿದೆ. ಯಾರೂ ನನ್ನನ್ನು ಪ್ರಶ್ನಿಸಲಿಲ್ಲ, ಕೇಸ್‌ಶೀಟ್ ಕಟ್ಟಿ ಕಪಾಟಿಗೆ ಹೋಯಿತು.

ಆ ಯಂತ್ರದ ಬಗ್ಗೆ ನಂತರ ಓದಿದೆ. ಆಕ್ಸಿಮೀಟರಿನ ತತ್ತ್ವವನ್ನು 1974ರಲ್ಲಿ ಕಂಡುಹಿಡಿದವರು ಜಪಾನಿನ ತಾಕುವೊ ಅಯೊಯಾಗಿ. ಲೋಕವೆಲ್ಲ ಅದನ್ನು ಬೆರಳಿಗೆ ಸಿಕ್ಕಿಸಿಕೊಂಡ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅದು ತಪ್ಪು ತೋರಿಸಬಹುದು. ಅಮೆರಿಕದ ವೈದ್ಯರು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಕ್ತದಲ್ಲಿ ಆಮ್ಲಜನಕ ಇಳಿದದ್ದು ಈ ಯಂತ್ರದ ಕಣ್ಣಿಗೆ ಬೀಳದೆ ಹೋಗುವ ಸಂಭವ ಬಿಳಿಯರಿಗಿಂತ ಕರಿಯ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಇದನ್ನು ಓದಿದಾಗ ತಪ್ಪನ್ನು ಯಂತ್ರದ ಮೇಲೆ ಹಾಕಿ ನೆಮ್ಮದಿಯಿಂದಿರಲು ಮನಸ್ಸು ಹೇಳಿತು. ಆದರೆ 18 ಎಂದು ಬರೆದದ್ದು ಯಂತ್ರವಲ್ಲ.

ಆದ್ದರಿಂದಲೇ ನೈಟಿಂಗೇಲರ ದೀಪಕ್ಕಿಂತ ಅವರ ಲೆಕ್ಕ ನನಗೆ ದೊಡ್ಡದಾಗಿ ಕಾಣುತ್ತದೆ. ತಮ್ಮ ಆಸ್ಪತ್ರೆಯ ಸಾವುಗಳನ್ನು ಅವರು ಜೀವನವಿಡೀ ಸಾಲದಂತೆ ಹೊತ್ತರು. ಕ್ರಿಮಿಯಾದಲ್ಲಿ ಅಂಟಿದ ಜ್ವರ ಅವರನ್ನು ಬಿಡಲಿಲ್ಲ. 1857ರಿಂದ ಹಲವಾರು ವರ್ಷ ಬಹುಪಾಲು ಹಾಸಿಗೆಯಲ್ಲೇ ಕಳೆದರು. ಮಂತ್ರಿಗಳೂ ಅಧಿಕಾರಿಗಳೂ ಅವರ ಕೋಣೆಗೆ ಬರುತ್ತಿದ್ದರು. ಶುಶ್ರೂಷೆಯ ಬಗ್ಗೆ ಅವರು ಬರೆದ ಪ್ರಸಿದ್ಧ ಪುಸ್ತಕ 1859ರ ಕೊನೆಯಲ್ಲಿ ಹೊರಬಂತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಆರಂಭವಾಯಿತು. ಅದಕ್ಕೆ ಬೇಕಾದ ಹಣ ಜನರು ಅವರ ಗೌರವಾರ್ಥ ಕೂಡಿಸಿದ ನಿಧಿಯಿಂದ ಬಂತು. ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯ ನಮೂನೆಯಲ್ಲಿ ರೋಗ ಮತ್ತು ಸಾವಿನ ಲೆಕ್ಕ ಇಡಬೇಕೆಂದು ಅದೇ ವರ್ಷ ಅಂತಾರಾಷ್ಟ್ರೀಯ ಸಮ್ಮೇಳನದ ಮುಂದೆ ಯೋಜನೆ ಇಟ್ಟರು. ನಾವಿಂದು ಕಂಪ್ಯೂಟರಿಗೆ ತುಂಬುವ ಫಾರಂಗಳ ಅಜ್ಜಿ ಅದು.

ಹಿಂದೂಸ್ತಾನಕ್ಕೆ ಅವರು ಕಾಲಿಡಲೇ ಇಲ್ಲ. ಆದರೂ ಇಲ್ಲಿನ ಸೈನಿಕ ಠಾಣೆಗಳ ಸ್ಥಿತಿಯನ್ನು ಇಲ್ಲಿದ್ದ ಅಧಿಕಾರಿಗಳಿಗಿಂತ ಚೆನ್ನಾಗಿ ತಿಳಿದಿದ್ದರು. 1859ರಲ್ಲಿ ನೇಮಕವಾದ ರಾಜ ಆಯೋಗದ ಪರವಾಗಿ ಪ್ರತಿಯೊಂದು ಠಾಣೆಗೂ ಅಚ್ಚು ಹಾಕಿದ ಪ್ರಶ್ನಾವಳಿ ಹೋಯಿತು. ಕುಡಿಯುವ ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಒಬ್ಬೊಬ್ಬನಿಗೆ ಮಲಗಲು ಎಷ್ಟು ಜಾಗ? ಬೆಂಗಳೂರು, ಬಳ್ಳಾರಿ, ಸಿಕಂದರಾಬಾದಿನಿಂದಲೂ ಉತ್ತರಗಳು ಹೋದವು. ನಮ್ಮ ಬೀದರ್ ಸೀಮೆ ಆಗ ನಿಜಾಮರ ರಾಜ್ಯದಲ್ಲಿತ್ತು, ಇಂದಿನ ಬಸವಕಲ್ಯಾಣ ಕಲ್ಯಾಣಿ ಎಂಬ ಹೆಸರಿನ ಜಹಗೀರಾಗಿತ್ತು, ಸಿಕಂದರಾಬಾದ್ ಅದೇ ರಾಜ್ಯದೊಳಗಿನ ಬ್ರಿಟಿಷ್ ದಂಡು. ಎರಡು ಸಾವಿರಕ್ಕೂ ಹೆಚ್ಚು ಪುಟಗಳ ವರದಿ 1863ರಲ್ಲಿ ಬಂತು. ಹಿಂದೂಸ್ತಾನದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ಅದು ತೋರಿಸಿತು. ಹತ್ತು ವರ್ಷಗಳ ಸುಧಾರಣೆಯ ಬಳಿಕ, 1873ರಲ್ಲಿ, ಅದು 18ಕ್ಕೆ ಇಳಿದಿದೆಯೆಂದು ಅವರೇ ಪ್ರಕಟಿಸಿದರು. ಅಲ್ಲಿಯೂ 18! ಆದರೆ ಅದು ಎಣಿಸಿ ಬರೆದ 18.

ಇದು ಆಳುವವರ ಸೈನ್ಯಕ್ಕಾಗಿ ನಡೆದ ಕೆಲಸವಲ್ಲವೇ ಎಂದು ಓದುಗರು ಕೇಳಬಹುದು. ಮೊದಲಿಗೆ ಹೌದು. ಆದರೆ ಠಾಣೆಯ ನೀರು ಶುದ್ಧವಾಗಬೇಕಾದರೆ ಪಕ್ಕದ ಹಳ್ಳಿಯ ನೀರೂ ಶುದ್ಧವಾಗಬೇಕೆಂಬುದು ಅವರಿಗೆ ಬೇಗ ತಿಳಿಯಿತು. ಮುಂದಿನ ಮೂರು ದಶಕ ಅವರು ಬರ, ನೀರಾವರಿ, ರೈತರ ಸಾಲ, ಹಳ್ಳಿಗಳ ನೈರ್ಮಲ್ಯದ ಬಗ್ಗೆ ವೈಸರಾಯರನ್ನು ಕಾಡುತ್ತಲೇ ಇದ್ದರು. ಅವರಲ್ಲಿ ಕೊರತೆಗಳೂ ಇದ್ದವು. ರೋಗ ಹರಡುವುದು ಕೆಟ್ಟ ಗಾಳಿಯಿಂದ ಎಂದು ನಂಬಿ ರೋಗಾಣುಗಳ ಸಿದ್ಧಾಂತವನ್ನು ತಡವಾಗಿ ಒಪ್ಪಿದರು. ಅದೇ ಯುದ್ಧದಲ್ಲಿ ಸೇವೆ ಸಲ್ಲಿಸಿದ ಜಮೈಕಾದ ಮೇರಿ ಸೀಕೋಲ್ ಎಂಬ ಮಹಿಳೆಯ ಬಗ್ಗೆ ಅವರ ಮನಸ್ಸು ಉದಾರವಾಗಿರಲಿಲ್ಲ.

ಈಗ ಚಾಚಾ ತೋರಿಸಿದ ರೋಬೋಟಿನ ವಿಷಯ. ರೋಗಿಯನ್ನು ಎತ್ತುವ ಯಂತ್ರ ಬಂದರೆ ನಾನು ಸಂತೋಷಪಡುತ್ತೇನೆ. ಮೂವತ್ತೊಂದು ವರ್ಷ ಎತ್ತಿ ಎತ್ತಿ ನನ್ನ ಸೊಂಟ ಹೋಗಿದೆ. ಒಂದೇ ವಿಷಯವನ್ನು ಮೂರು ರಿಜಿಸ್ಟರುಗಳಲ್ಲಿ ಬರೆದು, ಮತ್ತೆ ಕಂಪ್ಯೂಟರಿಗೂ ಹಾಕುವ ಕೆಲಸವನ್ನು ಯಂತ್ರವೊಂದು ತೆಗೆದುಕೊಂಡರೆ ದುಆ ಮಾಡುತ್ತೇನೆ. ಹಳ್ಳಿಯ ಕೇಂದ್ರದಿಂದಲೇ ಈ-ಸಂಜೀವಿನಿಯ ಮೂಲಕ ತಜ್ಞ ವೈದ್ಯರೊಂದಿಗೆ ಮಾತಾಡುವ ಸೌಲಭ್ಯ ಈಗಾಗಲೇ ಇದೆ. ಡ್ರಿಪ್ಪಿನ ಹನಿಗಳನ್ನು ಎಣಿಸಿ ಬಿಡುವ ಪಂಪುಗಳಿವೆ. ಹಾಸಿಗೆಯಡಿಯ ಹಾಳೆಯೊಂದು ಇಡೀ ರಾತ್ರಿ ಉಸಿರೆಣಿಸುವ ಉಪಕರಣವೂ ಬಂದಿದೆ. ಅದು ಆ ರಾತ್ರಿ ನನ್ನ ಬಳಿ ಇದ್ದಿದ್ದರೆ 36 ಎಂದು ಕೂಗುತ್ತಿತ್ತೇನೋ. ಆದರೆ ನಾನು ಕೆಲಸ ಮಾಡಿದ ಒಂದು ಕಡೆ ಮಾನಿಟರುಗಳು ಪದೇ ಪದೇ ಕೂಗುತ್ತವೆಂದು ಅವುಗಳ ಸದ್ದನ್ನೇ ಆಫ್ ಮಾಡಿಡುತ್ತಿದ್ದೆವು. ನೈಟಿಂಗೇಲರು ಆ ಯಂತ್ರವನ್ನು ಖಂಡಿತ ತರಿಸುತ್ತಿದ್ದರು. ತರಿಸಿ, ಅದು ಕೂಗಿದಾಗ ಎದ್ದು ಹೋಗುವವರು ಯಾರೆಂದು ಹೆಸರು ಬರೆಯಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಇದಕ್ಕೆ ಅಮಾನತ್ ಎಂಬ ಪದವಿದೆ. ಚಾಚಾ ಅವರಿಗೆ ನಾನು ಹೇಳಿದ್ದು ಇಷ್ಟೇ: ಆ ನಸುಕಿನಲ್ಲಿ ಗೋಡೆ ಗಡಿಯಾರ ನೋಡುತ್ತಾ ನಿಂತಿದ್ದ ಗುತ್ತಿಗೆಯ ಹುಡುಗಿಯಂಥವರು ಬೇಕು, ಯಂತ್ರ ಎಷ್ಟೇ ಬಂದರೂ ಬೇಕು, ನಿಮ್ಮ ಅಣ್ಣನ ಮಗಳಲ್ಲಿ ಆ ಗುಣ ಇದೆಯೋ ಇಲ್ಲವೋ ನೋಡಿ.

ಕೊನೆಯ ವರ್ಷಗಳಲ್ಲಿ ನೈಟಿಂಗೇಲರ ಕಣ್ಣು ಹೋಯಿತು, ನೆನಪೂ ಮಸುಕಾಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಅತ್ಯುನ್ನತ ಗೌರವ ಪಡೆದ ಮೊದಲ ಮಹಿಳೆಯಾದಾಗ ಅದು ಏನೆಂದು ಅವರಿಗೆ ಸರಿಯಾಗಿ ತಿಳಿಯಿತೋ ಇಲ್ಲವೋ. 1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ರಾಜಮಹಾರಾಜರ ಸಮಾಧಿಗಳಿರುವ ವೆಸ್ಟ್‌ಮಿನ್‌ಸ್ಟರಿನಲ್ಲಿ ಹೂಳುವ ಪ್ರಸ್ತಾಪವನ್ನು ಕುಟುಂಬದವರು ಒಪ್ಪಲಿಲ್ಲ. ಊರ ಪಕ್ಕದ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಕಲ್ಲಿನ ಮೇಲೆ ಹೆಸರಿನ ಮೊದಲ ಎರಡು ಅಕ್ಷರಗಳು, ಹುಟ್ಟಿದ ಮತ್ತು ಸತ್ತ ದಿನ. ಇಷ್ಟೇ.

ಅವರ ಧ್ವನಿ ಮಾತ್ರ ಉಳಿದಿದೆ. 1890ರ ಜುಲೈ 30ರಂದು, ಕಷ್ಟದಲ್ಲಿದ್ದ ಕ್ರಿಮಿಯಾದ ಹಳೆಯ ಸೈನಿಕರ ನೆರವಿಗಾಗಿ, ಎಡಿಸನ್ನರ ಹೊಸ ಯಂತ್ರದ ಮೇಣದ ಕೊಳವೆಯ ಮೇಲೆ ಅವರು ಕೆಲವು ಮಾತುಗಳನ್ನು ಹೇಳಿದ್ದರು. ಮಗ್ರಿಬ್‌ಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಹುಡುಗಿ ಚಾಚಾ ಅವರ ಮೊಬೈಲನ್ನೇ ಇಸಿದುಕೊಂಡು ಅದನ್ನು ಹುಡುಕಿ ಹಾಕಿದಳು. ಕರಕರ ಸದ್ದಿನ ನಡುವೆ ಮುದುಕಿಯ ನಡುಗುವ ಸ್ವರ. ಆ ಇಂಗ್ಲಿಷ್ ಯಾರಿಗೂ ಅರ್ಥವಾಗಲಿಲ್ಲ. ಮತ್ತೊಮ್ಮೆ ಹಾಕು ಎಂದರು ಅವಳ ಅಬ್ಬಾ. ಅಷ್ಟು ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವಳ ಅಮ್ಮೀ ಚಹಾದ ತಟ್ಟೆಯನ್ನು ಕೆಳಗಿಟ್ಟು, ಹಾಸ್ಟೆಲಿನ ಫೀಸು ವರ್ಷಕ್ಕೆ ಎಷ್ಟಾಗುತ್ತದೆಂದು ನನ್ನನ್ನು ಕೇಳಿದರು.